‘ವಶಕ್ಕೆ ಪಡೆದರು’ ಎಂದರೆ ಬಂಧಿಸಿದಂತೆಯೇ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಇಪ್ಪತ್ತೆರಡು ವರ್ಷ. ತಾಲ್ಲೂಕು ಕೇಂದ್ರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕಳವಾದ ಫೋನುಗಳನ್ನು ಕೊಂಡಿದ್ದಾನೆಂದು ಹೇಳಿ ಪೊಲೀಸರು ಸೋಮವಾರ ರಾತ್ರಿ ಹತ್ತೂವರೆಗೆ ಅವನನ್ನು ಮನೆಯಿಂದ ಜೀಪಿನಲ್ಲಿ ಕರೆದೊಯ್ದರು. ಮಂಗಳವಾರ ಇಡೀ ದಿನ ಠಾಣೆಯಲ್ಲೇ ಕೂರಿಸಿಕೊಂಡಿದ್ದರು. ಹೋಗಿ ಕೇಳಿದರೆ, ‘ಅರೆಸ್ಟ್ ಮಾಡಿಲ್ಲ, ವಿಚಾರಣೆಗೆ ಅಂತ ಕರ್ಕೊಂಡು ಬಂದಿದೀವಿ’ ಎಂದರು. ಬುಧವಾರದ ಪತ್ರಿಕೆಯಲ್ಲಿ ‘ಯುವಕ ಪೊಲೀಸ್ ವಶಕ್ಕೆ’ ಎಂದು ಬಂತು. ಅದೇ ದಿನ ಸಂಜೆ ನಾಲ್ಕಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಕಾಗದದಲ್ಲಿ ಮಾತ್ರ ದಸ್ತಗಿರಿ ಮಾಡಿದ ಸಮಯ ಬುಧವಾರ ಬೆಳಿಗ್ಗೆ ಆರು ಗಂಟೆ ಎಂದಿದೆ. ವಶ, ಬಂಧನ, ದಸ್ತಗಿರಿ, ನ್ಯಾಯಾಂಗ ಬಂಧನ ಇವೆಲ್ಲ ಬೇರೆ ಬೇರೆಯೇ? ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಯಾವುದರಿಂದ ಶುರುವಾಗುತ್ತದೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹುಡುಗನ ಜಾಮೀನು ಅರ್ಜಿಗೆ ಕೂಡಲೇ ಬೇಕಾಗಿರುವುದು ಅದೇ. ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಶುರುವಾಗುವುದು ಅವನು ತನ್ನಿಷ್ಟದಂತೆ ಎದ್ದು ಹೋಗುವ ಸ್ವಾತಂತ್ರ್ಯ ಕಳೆದುಕೊಂಡ ಗಳಿಗೆಯಿಂದ. ಪೊಲೀಸರು ಕಾಗದದ ಮೇಲೆ ಬರೆದುಕೊಂಡ ಗಳಿಗೆಗೆ ಇಲ್ಲಿ ಪ್ರಾಮುಖ್ಯವಿಲ್ಲ. ನೀವು ಬರೆದಿರುವುದು ಸರಿಯಾಗಿದ್ದರೆ ಆ ಗಳಿಗೆ ಸೋಮವಾರ ರಾತ್ರಿ ಹತ್ತೂವರೆ. ಅಲ್ಲಿಂದ ಬುಧವಾರ ಸಂಜೆ ನಾಲ್ಕರವರೆಗೆ ನಲವತ್ತೊಂದೂವರೆ ಗಂಟೆಯಾಗುತ್ತದೆ. ಕಾಗದದ ಪ್ರಕಾರ ಅದು ಹತ್ತೇ ಗಂಟೆ. ನಡುವೆ ಕಾಣೆಯಾಗಿರುವ ಮೂವತ್ತೊಂದೂವರೆ ಗಂಟೆಗೆ ಇಟ್ಟ ಹೆಸರೇ ‘ವಶ’.

ಈಗ ಪದಗಳಿಗೆ ಬರೋಣ. ‘ದಸ್ತಗಿರಿ’ ಪಾರಸಿಯಿಂದ ಬಂದದ್ದು. ದಸ್ತ್ ಎಂದರೆ ಕೈ, ದಸ್ತಗಿರಿ ಎಂದರೆ ಕೈ ಹಿಡಿಯುವುದು. ಕೈ ಹಿಡಿದು ಕಾಪಾಡುವವನಿಗೂ ಅದೇ ಮೂಲದಿಂದ ‘ದಸ್ತಗೀರ್’ ಎಂಬ ಹೆಸರು ಬಂದಿದೆ, ಉತ್ತರ ಕರ್ನಾಟಕದ ಊರೂರಲ್ಲೂ ಆ ಹೆಸರಿನವರು ಸಿಗುತ್ತಾರೆ. ನ್ಯಾಯಾಲಯದ ಮತ್ತು ಠಾಣೆಯ ಕನ್ನಡದಲ್ಲಿ ಒಬ್ಬ ವ್ಯಕ್ತಿಯನ್ನು ಕಾನೂನಿನ ಅಧಿಕಾರದಿಂದ ಹಿಡಿಯುವ ಕ್ರಿಯೆಗೆ ಇಂದಿಗೂ ಇದೇ ಪದ. ‘ಬಂಧನ’ ಅದಕ್ಕೆ ಪತ್ರಿಕೆಗಳು ಬಳಸುವ ಸಮಾನ ಪದವಾದರೂ ಸ್ವಲ್ಪ ಸಡಿಲ. ಹಿಡಿಯುವ ಕ್ರಿಯೆಗೂ, ಹಿಡಿದ ಮೇಲೆ ಇಟ್ಟುಕೊಳ್ಳುವ ಸ್ಥಿತಿಗೂ ಎರಡಕ್ಕೂ ಸಲ್ಲುತ್ತದೆ. ಆ ಎರಡನೆಯ ಸ್ಥಿತಿಗೆ ಕಾನೂನಿನ ಕನ್ನಡದಲ್ಲಿ ‘ಅಭಿರಕ್ಷೆ’ ಎಂಬ ಪದವಿದೆ. ಠಾಣೆ, ಕೋರ್ಟು, ಬಾರ್ ಅಸೋಸಿಯೇಷನ್ನಿನ ಚಹದಂಗಡಿ ಎಲ್ಲೆಡೆ ಅದನ್ನು ‘ಕಸ್ಟಡಿ’ ಎಂದೇ ಕರೆಯುತ್ತಾರೆ. ಆದರೂ ನನಗೆ ಅಭಿರಕ್ಷೆಯ ಮೇಲೆ ಒಲವು, ಏಕೆಂದರೆ ಅದರೊಳಗೆ ‘ರಕ್ಷೆ’ ಇದೆ. ಹಿಡಿದಿಟ್ಟುಕೊಂಡವನ ಆರೋಗ್ಯ ಮತ್ತು ಸುರಕ್ಷತೆಯ ಹೊಣೆ ಇಟ್ಟುಕೊಂಡವರದೇ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಹೇಳುತ್ತದೆ. ‘ಸೆರೆ’ ಎಂಬ ಹಳೆಯ ಕನ್ನಡ ಪದವನ್ನು ಪತ್ರಿಕೆಗಳು ಈಚೆಗೆ ಹೆಚ್ಚಾಗಿ ಚಿರತೆ ಮತ್ತು ಕಾಡಾನೆಗಳಿಗೆ ಬಿಟ್ಟುಕೊಟ್ಟಿವೆ.

ಉಳಿದದ್ದು ‘ವಶ’. ಸಂಸ್ಕೃತದಲ್ಲಿ ಇದಕ್ಕೆ ಅಧೀನ, ಅಂಕೆ ಎಂಬ ಅರ್ಥ. ವಶೀಕರಣದ ಜಾಹೀರಾತುಗಳಲ್ಲಿ ಕಾಣುವುದೂ ಇದೇ ಪದ. ವಸ್ತುಗಳ ಮಟ್ಟಿಗೆ ಇದರ ಬಳಕೆ ಸ್ಪಷ್ಟ: ಬೈಕು, ಗಾಂಜಾ, ಫೋನುಗಳನ್ನು ವಶಪಡಿಸಿಕೊಂಡರೆಂದರೆ ಪಂಚರ ಮುಂದೆ ಪಂಚನಾಮೆ ಮಾಡಿ ಜಪ್ತಿ ಮಾಡಿದರೆಂದು ಅರ್ಥ. ಮನುಷ್ಯರ ಮಟ್ಟಿಗೆ ‘ವಶಕ್ಕೆ ಪಡೆದು ವಿಚಾರಣೆ ನಡೆಸುತ್ತಿದ್ದಾರೆ’ ಎಂಬ ವಾಕ್ಯ ವರದಿಗಾರಿಕೆಯ ಅನುಕೂಲಕ್ಕಾಗಿ ಬೆಳೆದುಬಂದದ್ದು. ‘ಬಂಧಿಸಿದ್ದಾರೆ’ ಎಂದು ಬರೆದರೆ ಠಾಣೆಯವರು ನಾಳೆ ಅಲ್ಲಗಳೆಯಬಹುದು ಎಂಬ ಎಚ್ಚರದಿಂದ ವರದಿಗಾರರು ಈ ಮಾತಿನ ಮೊರೆ ಹೋಗುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ಓದಿ ಓದಿ, ಬಂಧನಕ್ಕೆ ಮುಂಚೆ ವಶ ಎಂಬ ಒಂದು ಮೆಟ್ಟಿಲಿದೆ, ಆ ಮೆಟ್ಟಿಲಲ್ಲಿ ಯಾವ ನಿಯಮವೂ ಅನ್ವಯಿಸುವುದಿಲ್ಲ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಕಾನೂನಿನಲ್ಲಿ ಅಂಥ ಮೆಟ್ಟಿಲು ಇಲ್ಲ.

ಹಾಗಾದರೆ ಕಾನೂನಿನಲ್ಲಿ ಇರುವುದೇನು? 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನ ಪ್ರಕಾರ, ದಸ್ತಗಿರಿ ಮಾಡುವ ಅಧಿಕಾರಿ ಆ ವ್ಯಕ್ತಿಯ ದೇಹವನ್ನು ಮುಟ್ಟಬೇಕು ಅಥವಾ ಅವನು ಕದಲದಂತೆ ತಡೆಯಬೇಕು. ಆ ವ್ಯಕ್ತಿ ಮಾತಿನಿಂದಲೋ ನಡತೆಯಿಂದಲೋ ತಾನಾಗಿಯೇ ಒಪ್ಪಿಸಿಕೊಂಡರೆ ಮುಟ್ಟುವ ಅಗತ್ಯವೂ ಇಲ್ಲ. ಕೋಳ ತೊಡಿಸುವುದು, ಲಾಕಪ್ಪಿಗೆ ಹಾಕುವುದು, ‘ನಿನ್ನನ್ನು ದಸ್ತಗಿರಿ ಮಾಡಿದ್ದೇನೆ’ ಎಂದು ಘೋಷಿಸುವುದು ಯಾವುದೂ ಇದರ ಲಕ್ಷಣವಲ್ಲ. ‘ಹತ್ತು ಜೀಪು’ ಎಂದರು, ಹತ್ತಿದ. ‘ಇಲ್ಲೇ ಕೂತಿರು’ ಎಂದರು, ಬೆಂಚಿನ ಮೇಲೆ ಕೂತ. ಫೋನು ಕಸಿದುಕೊಂಡು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ನಡುರಾತ್ರಿ ಅವನು ಎದ್ದು ‘ಸರ್, ಮನೆಗೆ ಹೋಗ್ತೀನಿ, ಬೆಳಿಗ್ಗೆ ಬರ್ತೀನಿ’ ಎಂದಿದ್ದರೆ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಬಿಡುತ್ತಿದ್ದನೇ? ಬಿಡುತ್ತಿರಲಿಲ್ಲ ಎಂದಾದರೆ ಅವನು ಅಭಿರಕ್ಷೆಯಲ್ಲಿದ್ದ. ನಮ್ಮ ಜನ ಇದಕ್ಕೆ ಹೇಳುವ ‘ಠಾಣೆಯಲ್ಲಿ ಕೂರಿಸಿದ್ದಾರೆ’ ಎಂಬ ಮಾತು, ನನ್ನ ದೃಷ್ಟಿಯಲ್ಲಿ, ಪತ್ರಿಕೆಯ ‘ವಶ’ಕ್ಕಿಂತ ಹೆಚ್ಚು ಪ್ರಾಮಾಣಿಕವಾದದ್ದು. ಅವನು ಕೂತದ್ದಲ್ಲ, ಅವನನ್ನು ಕೂರಿಸಿದ್ದು ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ.

ದಸ್ತಗಿರಿಯೂ ಅಭಿರಕ್ಷೆಯೂ ಒಂದೇ ಅಲ್ಲ ಎಂಬುದೂ ನಿಜವೇ. ಜಾರಿ ನಿರ್ದೇಶನಾಲಯ ಮತ್ತು ದೀಪಕ್ ಮಹಾಜನ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಇದನ್ನು ಬಿಡಿಸಿ ಹೇಳಿತು: ಪ್ರತಿ ದಸ್ತಗಿರಿಯಲ್ಲೂ ಅಭಿರಕ್ಷೆ ಇದ್ದೇ ಇರುತ್ತದೆ, ಆದರೆ ಪ್ರತಿ ಅಭಿರಕ್ಷೆಗೂ ಹಿಂದೆ ದಸ್ತಗಿರಿ ಇರಲೇಬೇಕೆಂದಿಲ್ಲ. ಆರೋಪಿ ತಾನೇ ನ್ಯಾಯಾಲಯಕ್ಕೆ ಬಂದು ಶರಣಾದರೆ ಅವನನ್ನು ಯಾರೂ ಹಿಡಿದಿರುವುದಿಲ್ಲ, ಆದರೂ ಆ ಕ್ಷಣದಿಂದ ಅವನು ನ್ಯಾಯಾಲಯದ ಅಭಿರಕ್ಷೆಯಲ್ಲಿರುತ್ತಾನೆ. ಬೇರೊಂದು ಕೇಸಿನಲ್ಲಿ ಈಗಾಗಲೇ ಜೈಲಿನಲ್ಲಿರುವವನನ್ನು ‘ಬಾಡಿ ವಾರಂಟ್’ ಮೇಲೆ ಕರೆತರುವುದೂ ಇಂಥದೇ. ಈ ವ್ಯತ್ಯಾಸವನ್ನೇ ಹಿಡಿದುಕೊಂಡು ಕೆಲವರು ‘ಅಭಿರಕ್ಷೆಯಲ್ಲಿದ್ದ, ದಸ್ತಗಿರಿಯಾಗಿರಲಿಲ್ಲ, ಹಾಗಾಗಿ ಗಂಟೆ ಎಣಿಸಬೇಕಾಗಿಲ್ಲ’ ಎಂದು ವಾದಿಸುವುದುಂಟು. ಅದು ಸಲ್ಲದು. ‘ವಿಚಾರಣೆಗೆಂದು ಇಟ್ಟುಕೊಂಡಿದ್ದೇವೆ, ವಿಧಿವತ್ತಾಗಿ ಅಭಿರಕ್ಷೆಗೆ ತೆಗೆದುಕೊಂಡಿಲ್ಲ’ ಎಂಬ ಬಗೆಯ ಮಾತಿನ ಕಣ್ಣಾಮುಚ್ಚಾಲೆಯನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲೇ, ನಿರಂಜನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಖಾರವಾಗಿ ತಳ್ಳಿಹಾಕಿದ್ದಾರೆ. ಆ ಪ್ರಕರಣದಲ್ಲಿ ಆರೋಪಿಗಳು ಪೊಲೀಸರೇ ಆಗಿದ್ದರೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಇನ್ನು ‘ಅವನಾಗಿಯೇ ಬಂದು ಸಹಕರಿಸುತ್ತಿದ್ದ’ ಎಂಬ ಉತ್ತರ. ನಿಮ್ಮ ಊರಿನ ಠಾಣೆಯೂ ನಾಳೆ ನ್ಯಾಯಾಲಯದಲ್ಲಿ ಇದನ್ನೇ ಹೇಳುವ ಸಾಧ್ಯತೆ ಹೆಚ್ಚು. 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಒಬ್ಬ ಯುವ ವಕೀಲರನ್ನು ಪೊಲೀಸರು ಕರೆಸಿಕೊಂಡು ಐದು ದಿನ ತಮ್ಮ ಬಳಿಯೇ ಇರಿಸಿಕೊಂಡಿದ್ದರು. ಸುಪ್ರೀಂ ಕೋರ್ಟು ಕೇಳಿದಾಗ, ಅವರು ಬಂಧನದಲ್ಲಿರಲಿಲ್ಲ, ತನಿಖೆಗೆ ನೆರವಾಗುತ್ತಿದ್ದರು ಎಂದಿದ್ದರು. ಐದು ದಿನ ಮನೆಗೆ ಹೋಗದೆ ಠಾಣೆಯವರೊಂದಿಗೆ ಇದ್ದುಕೊಂಡು ನೆರವಾಗುವ ವಕೀಲರನ್ನು ನಾನಂತೂ ನೋಡಿಲ್ಲ. ದಸ್ತಗಿರಿ ಮಾಡುವ ಅಧಿಕಾರ ಇರುವುದು ಒಂದು, ಅದನ್ನು ಬಳಸಲು ಸಮರ್ಥನೆ ಇರುವುದು ಇನ್ನೊಂದು ಎಂದು ನ್ಯಾಯಾಲಯ ಹೇಳಿದ್ದು ಆ ಪ್ರಕರಣದಲ್ಲಿಯೇ.

ವಿಚಾರಣೆಗೆ ಕರೆಸುವ ಅಧಿಕಾರ ಪೊಲೀಸರಿಗೆ ಇಲ್ಲವೇ ಎಂದರೆ, ಖಂಡಿತ ಇದೆ. ಆದರೆ ಅದಕ್ಕೆ ದಾರಿ ಬೇರೆ. ಸಾಕ್ಷಿಯಾಗಿ ಬೇಕಿದ್ದರೆ 179ನೇ ಕಲಮಿನಡಿ ಲಿಖಿತ ಆದೇಶ ಕೊಡಬೇಕು. ಆರೋಪಿಯೆಂಬ ಶಂಕೆಯಿದ್ದು ದಸ್ತಗಿರಿಯ ಅಗತ್ಯ ಕಾಣದಿದ್ದರೆ 35ನೇ ಕಲಮಿನ 3ನೇ ಉಪಕಲಮಿನಡಿ ನೋಟಿಸ್ ಕೊಡಬೇಕು. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿದೆ. ಎರಡೂ ಬಗೆಯಲ್ಲಿ ಬಂದವನು ಪ್ರಶ್ನೆಗಳಿಗೆ ಉತ್ತರಿಸಿ ಮನೆಗೆ ಹಿಂದಿರುಗುವವನು. ಕಳವು ಮಾಲೆಂದು ಗೊತ್ತಿದ್ದೂ ಕೊಂಡ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಸಾಮಾನ್ಯವಾಗಿ ಇರುವ ಗರಿಷ್ಠ ಶಿಕ್ಷೆ ಮೂರು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ದಸ್ತಗಿರಿ ಮಾಡಬಾರದು, ಮಾಡುವುದಾದರೆ ಏಕೆ ಅಗತ್ಯವೆಂಬ ಕಾರಣಗಳನ್ನು ಬರೆದಿಡಬೇಕು, ಮ್ಯಾಜಿಸ್ಟ್ರೇಟರು ಕೂಡ ಆ ಕಾರಣಗಳನ್ನು ನೋಡದೆ ಅಭಿರಕ್ಷೆಗೆ ಒಪ್ಪಿಸಬಾರದು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಸ್ಥಿರಪಟ್ಟಿದೆ. ಹುಡುಗನಿಗೆ ಅಂಥ ನೋಟಿಸ್ ಯಾವುದಾದರೂ ಕೊಟ್ಟಿದ್ದರೇ ಎಂದು ನೀವು ಬರೆದಿಲ್ಲ. ಕೊಟ್ಟಿರದಿದ್ದರೆ ಸೋಮವಾರ ರಾತ್ರಿ ಅವನನ್ನು ಕರೆದೊಯ್ಯಲು ದಸ್ತಗಿರಿಯ ಹೊರತು ಬೇರೆ ಅಧಿಕಾರ ಅವರ ಬಳಿ ಇರಲಿಲ್ಲವೆಂದಾಯಿತು. ಇದು ನಿಮ್ಮ ಪರವಾದ ಬಲವಾದ ಅಂಶ.

ಗಂಟೆಯ ಲೆಕ್ಕಕ್ಕೆ ಮರಳೋಣ. ಸಂವಿಧಾನದ 22ನೇ ಅನುಚ್ಛೇದದ 2ನೇ ಖಂಡ ಹೇಳುವುದು ಇಷ್ಟು: ದಸ್ತಗಿರಿಯಾಗಿ ಅಭಿರಕ್ಷೆಯಲ್ಲಿರುವ ಪ್ರತಿಯೊಬ್ಬನನ್ನೂ ಇಪ್ಪತ್ನಾಲ್ಕು ಗಂಟೆಯೊಳಗೆ ಅತ್ಯಂತ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ದಸ್ತಗಿರಿಯಾದ ಸ್ಥಳದಿಂದ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಪ್ರಯಾಣಕ್ಕೆ ಬೇಕಾದ ಸಮಯವನ್ನಷ್ಟೇ ಕಳೆಯಬಹುದು. ರಜೆ, ಭಾನುವಾರ, ಹಬ್ಬ ಯಾವುದನ್ನೂ ಕಳೆಯುವಂತಿಲ್ಲ. ಯುಗಾದಿಯ ದಿನ ಮ್ಯಾಜಿಸ್ಟ್ರೇಟರ ಮನೆಯ ಜಗುಲಿಯಲ್ಲಿ, ಕಡತ ಹಿಡಿದ ಹೆಡ್ ಕಾನ್‌ಸ್ಟೇಬಲ್ಲರ ಪಕ್ಕದಲ್ಲಿ ನಿಂತು ನಾನೂ ರಿಮ್ಯಾಂಡ್ ಅರ್ಜಿಗೆ, ಅಂದರೆ ಆರೋಪಿಯನ್ನು ಇನ್ನೂ ಅಭಿರಕ್ಷೆಯಲ್ಲಿಡಬೇಕೆಂದು ಪೊಲೀಸರು ಕೇಳುವ ಅರ್ಜಿಗೆ, ತಕರಾರು ಸಲ್ಲಿಸಿದ್ದೇನೆ.

ಈ ಲೆಕ್ಕದ ಬಗ್ಗೆ ಬಹುಮಟ್ಟಿಗೆ ನಿಮ್ಮದನ್ನೇ ಹೋಲುವ ಒಂದು ಪ್ರಕರಣ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವ್ಯಕ್ತಿಯೊಬ್ಬನನ್ನು ದೆಹಲಿ ವಿಮಾನ ನಿಲ್ದಾಣದಲ್ಲಿ ತಡೆಹಿಡಿಯಲಾಗಿತ್ತು. 2024ರ ಮಾರ್ಚ್ 5ರ ಬೆಳಿಗ್ಗೆ 11ಕ್ಕೆ ಜಾರಿ ನಿರ್ದೇಶನಾಲಯದವರು ಅವನನ್ನು ತಮ್ಮ ಅಭಿರಕ್ಷೆಗೆ ಪಡೆದರು. ದಸ್ತಗಿರಿಯ ಕಾಗದದಲ್ಲಿ ಬರೆದದ್ದು ಮಾರ್ಚ್ 6ರ ನಸುಕಿನ 1.15. ನ್ಯಾಯಾಲಯದ ಮುಂದೆ ಹಾಜರುಪಡಿಸಿದ್ದು ಅದೇ ದಿನ ಮಧ್ಯಾಹ್ನ 3ಕ್ಕೆ. ಕಾಗದ ನೋಡಿದರೆ ಹದಿನಾಲ್ಕು ಗಂಟೆಯೂ ಆಗಿಲ್ಲ. 11 ಗಂಟೆಯಿಂದ ಎಣಿಸಿದರೆ ಇಪ್ಪತ್ತೆಂಟು. ಸುಪ್ರೀಂ ಕೋರ್ಟು ಎಣಿಸಿದ್ದು 11 ಗಂಟೆಯಿಂದ. 22ನೇ ಅನುಚ್ಛೇದದ ಉಲ್ಲಂಘನೆಯಿಂದ ದಸ್ತಗಿರಿಯೇ ಅಕ್ರಮವಾಯಿತೆಂದೂ, ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲಿ ಜಾಮೀನಿಗೆ ಇರುವ ಬಿಗಿ ಷರತ್ತುಗಳು ಕೂಡ ಅಂಥವನ ಬಿಡುಗಡೆಗೆ ಅಡ್ಡಿಯಾಗವೆಂದೂ ಹೇಳಿತು. ಅಲ್ಲಿ ಮೀರಿದ್ದು ನಾಲ್ಕು ಗಂಟೆ. ತೆಲಂಗಾಣ ಹೈಕೋರ್ಟು ಕೂಡ 2024ರಲ್ಲಿ, ಗಡುವು ಎಣಿಸಬೇಕಾದದ್ದು ಹಿಡಿದ ಗಳಿಗೆಯಿಂದಲೇ ಎಂದಿತ್ತು. ನಿಮ್ಮ ವಕೀಲರು ಜಾಮೀನು ಅರ್ಜಿಯಲ್ಲಿ ಮೊದಲು ಎತ್ತಿಹಿಡಿಯಬೇಕಾದದ್ದು ಈ ತೀರ್ಪುಗಳನ್ನು.

ಆದರೆ ತೀರ್ಪು ಕೈಯಲ್ಲಿದ್ದರೆ ಸಾಲದು, ಸೋಮವಾರ ರಾತ್ರಿ ಹತ್ತೂವರೆ ಎಂಬುದನ್ನು ತೋರಿಸಬೇಕು. ಇಂಥ ಪ್ರಕರಣಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಆರೋಪಿಯನ್ನು ಮೊದಲ ಸಲ ತಂದಾಗ ಮ್ಯಾಜಿಸ್ಟ್ರೇಟರು ‘ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯೇ?’ ಎಂದು ಕೇಳುತ್ತಾರೆ. ಹಿಂದೆಯೇ ನಿಂತಿರುವವರನ್ನು ನೆನೆದು ಹುಡುಗ ‘ಇಲ್ಲ’ ಎನ್ನುತ್ತಾನೆ; ಆದೇಶದ ಹಾಳೆಯಲ್ಲಿ ಆ ‘ಇಲ್ಲ’ ದಾಖಲಾಗುತ್ತದೆ. ‘ನಿನ್ನನ್ನು ಮನೆಯಿಂದ ಕರೆತಂದದ್ದು ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೇಳದಿದ್ದರೂ ಹೇಳಬಹುದು, ಹೇಳಬೇಕು. ಹುಡುಗ ಮೊದಲ ದಿನ ಹೇಳದಿದ್ದರೆ ಮುಂದಿನ ಸಲ ಹಾಜರುಪಡಿಸಿದಾಗ ಲಿಖಿತವಾಗಿ ಸಲ್ಲಿಸಲಿ. ತಡವಾಯಿತೆಂದು ಸುಮ್ಮನಿರುವುದಕ್ಕಿಂತ ಅದು ಮೇಲು.

ದಸ್ತಗಿರಿಯ ಕಾಗದವನ್ನೂ, ಅಂದರೆ ಅರೆಸ್ಟ್ ಮೆಮೊವನ್ನೂ, ಗಮನವಿಟ್ಟು ನೋಡಿ. 1996ರ ಕೊನೆಯಲ್ಲಿ ಹೊರಬಂದ ಡಿ.ಕೆ. ಬಸು ತೀರ್ಪಿನ ಹನ್ನೊಂದು ನಿರ್ದೇಶನಗಳಿಂದ ಬಂದು, ಈಗ ಸಂಹಿತೆಯ 36ನೇ ಕಲಮಿನಲ್ಲಿ ಸೇರಿರುವ ನಿಯಮದಂತೆ, ಅದಕ್ಕೆ ಕುಟುಂಬದ ಒಬ್ಬರಾದರೂ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರಾದರೂ ಸಾಕ್ಷಿ ಸಹಿ ಹಾಕಿರಬೇಕು, ದಸ್ತಗಿರಿಯಾದವನ ಸಹಿಯೂ ಇರಬೇಕು. ಬುಧವಾರ ಬೆಳಿಗ್ಗೆ ಆರಕ್ಕೆ ಯಾವ ಗೌರವಸ್ಥರು ಠಾಣೆಯಲ್ಲಿದ್ದರು? 48ನೇ ಕಲಮಿನಂತೆ ದಸ್ತಗಿರಿಯ ವಿಷಯವನ್ನು ಬಂಧುಗಳಿಗೆ ತಿಳಿಸಿರಬೇಕು, ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ಬರೆದಿರಬೇಕು. ದಸ್ತಗಿರಿಯ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂಬುದೂ 2025ರ ನವೆಂಬರಿನ ತೀರ್ಪೊಂದರಿಂದ ಎಲ್ಲ ಅಪರಾಧಗಳಿಗೂ ಅನ್ವಯಿಸುತ್ತದೆ. ಕನ್ನಡ ಮಾತ್ರ ಓದಬಲ್ಲವನ ಕೈಗೆ ಇಂಗ್ಲಿಷಿನ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರೆ ಕಾರಣ ತಿಳಿಸಿದಂತಾಗುವುದಿಲ್ಲ.

‘ನ್ಯಾಯಾಂಗ ಬಂಧನ’ ಎಂಬ ಪದದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇದರಲ್ಲಿ ನ್ಯಾಯಾಧೀಶರು ಯಾರನ್ನೂ ಬಂಧಿಸುವುದಿಲ್ಲ. ಪೊಲೀಸರು ಹಿಡಿದವನನ್ನು ಅವರ ಕೈಯಿಂದ ಬಿಡಿಸಿ, ನ್ಯಾಯಾಲಯದ ಅಧೀನದಲ್ಲಿ ಜೈಲಿನಲ್ಲಿ ಇರಿಸುತ್ತಾರೆ. ಆಗ ಪೊಲೀಸರು ನ್ಯಾಯಾಲಯದ ಅನುಮತಿ ಇಲ್ಲದೆ ಅವನನ್ನು ವಿಚಾರಿಸುವಂತಿಲ್ಲ. ಆದ್ದರಿಂದ ‘ಪೊಲೀಸ್ ಕಸ್ಟಡಿ ಕೇಳಿದ್ದರು, ನ್ಯಾಯಾಂಗ ಬಂಧನ ಕೊಟ್ಟರು’ ಎಂದರೆ ಆರೋಪಿಯ ಪಾಲಿಗೆ ಅದು ತುಸು ಸಮಾಧಾನದ ಸುದ್ದಿಯೇ. ಪೊಲೀಸ್ ಕಸ್ಟಡಿ ಒಟ್ಟು ಹದಿನೈದು ದಿನ ಮೀರುವಂತಿಲ್ಲ. ಹಳೆಯ ಸಂಹಿತೆಯಲ್ಲಿ ಅದು ಮೊದಲ ಹದಿನೈದು ದಿನಗಳೊಳಗೇ ಮುಗಿಯಬೇಕಿತ್ತು. ಈಗ 187ನೇ ಕಲಮಿನಡಿ ಅದನ್ನು ಬಿಡಿಬಿಡಿಯಾಗಿ, ಅಪರಾಧಕ್ಕೆ ಅನುಗುಣವಾಗಿ ಮೊದಲ ನಲವತ್ತು ಅಥವಾ ಅರವತ್ತು ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದು. ಹಾಗಾಗಿ ಜೈಲಿಗೆ ಹೋದನೆಂದು ನಿಶ್ಚಿಂತರಾಗದೆ, ಮತ್ತೆ ಕಸ್ಟಡಿ ಅರ್ಜಿ ಬಂದರೆ ತಕರಾರು ಸಲ್ಲಿಸಲು ವಕೀಲರನ್ನು ಸಿದ್ಧವಾಗಿರಲು ಹೇಳಿ.

ನೀವು ಕೇಳದಿದ್ದರೂ ಒಂದು ಪದವನ್ನು ಇಲ್ಲಿ ಬೇರ್ಪಡಿಸಬೇಕು, ಏಕೆಂದರೆ ಠಾಣೆಯಲ್ಲಿ ಕೆಲವೊಮ್ಮೆ ಅದರ ಹೆಸರು ಹೇಳಿ ಹೆದರಿಸುತ್ತಾರೆ. ‘ಮುನ್ನೆಚ್ಚರಿಕೆಯ ಬಂಧನ’ ಎನ್ನುವುದು ಮಾಡಿದ ಅಪರಾಧಕ್ಕೆ ಸಂಬಂಧಿಸಿದ್ದಲ್ಲ, ಮುಂದೆ ಮಾಡಬಹುದಾದದ್ದನ್ನು ತಡೆಯಲು ಇರುವುದು. ನಮ್ಮಲ್ಲಿ ಜನ ‘ಗೂಂಡಾ ಕಾಯ್ದೆ’ ಎನ್ನುವ 1985ರ ಕರ್ನಾಟಕದ ಕಾಯ್ದೆ, 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಈ ಜಾತಿಯವು. ಇವುಗಳಡಿ ಹನ್ನೆರಡು ತಿಂಗಳವರೆಗೂ ಇಡಬಹುದು. ಇಪ್ಪತ್ನಾಲ್ಕು ಗಂಟೆಯ ನಿಯಮ ಇಲ್ಲಿ ಅನ್ವಯಿಸದೆಂದು ಸಂವಿಧಾನವೇ ಹೇಳುತ್ತದೆ. ಬದಲಿಗೆ ಮೂರು ತಿಂಗಳು ಮೀರಿ ಇಡಬೇಕಾದರೆ ಸಲಹಾ ಮಂಡಳಿಯ ಅಭಿಪ್ರಾಯ ಬೇಕು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು, ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನಲ್ಲಿ ಇರಿಸಿದ್ದು ಇಂಥದೇ ಒಂದು ಕಾಯ್ದೆಯಡಿ. ಇದಕ್ಕೆ ಸರ್ಕಾರದ ಅಥವಾ ಅಧಿಕಾರವಿತ್ತ ಮೇಲಧಿಕಾರಿಯ ಲಿಖಿತ ಆದೇಶ ಬೇಕೇ ಬೇಕು. ಸಬ್ ಇನ್‌ಸ್ಪೆಕ್ಟರು ತಮ್ಮ ಮಟ್ಟದಲ್ಲೇ ಹೊರಡಿಸಬಹುದಾದದ್ದಲ್ಲ. ನಿಮ್ಮ ಹುಡುಗನ ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಂಗಳವಾರವೇ ನೀವು ಕೇಳಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲು ಹೇಳುತ್ತಿದ್ದೆ. ಹಿಡಿದಿಟ್ಟ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತನ್ನಿ ಎಂದು ಆದೇಶಿಸುವ ಆ ರಿಟ್ಟಿಗೆ ವಶವೋ ದಸ್ತಗಿರಿಯೋ ಎಂಬುದು ಮುಖ್ಯವಾಗುವುದಿಲ್ಲ. ಮ್ಯಾಜಿಸ್ಟ್ರೇಟರ ಆದೇಶದಂತೆ ಜೈಲಿಗೆ ಹೋದ ಮೇಲೆ ಸಾಮಾನ್ಯವಾಗಿ ಆ ದಾರಿ ಮುಚ್ಚುತ್ತದೆ, ಜಾಮೀನಿನ ದಾರಿಯೇ ಉಳಿಯುತ್ತದೆ. ಅಕ್ರಮವಾಗಿ ಕೂಡಿಹಾಕುವುದು ನ್ಯಾಯ ಸಂಹಿತೆಯ 127ನೇ ಕಲಮಿನಡಿ ಒಂದು ವರ್ಷದವರೆಗಿನ ಸಜೆಗೆ ಗುರಿಯಾಗುವ ಅಪರಾಧ. ಪೊಲೀಸರ ಮೇಲೆ ಆ ದೂರು ಕೊಡಬೇಕೇ ಎಂಬುದನ್ನು ಹುಡುಗ ಹೊರಬಂದ ಮೇಲೆ ನಿಧಾನವಾಗಿ ಯೋಚಿಸಿ. ಒಂದೇ ಊರಿನಲ್ಲಿ ಅಂಗಡಿ ನಡೆಸಬೇಕಾದವನು ಅವನು.

ನಿಧಾನಿಸಬಾರದ ಕೆಲಸ ಒಂದಿದೆ. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಕೊಂಡಿರಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅಷ್ಟು ದಿನ ಉಳಿಯುತ್ತವೆಂದು ನಂಬಿ ಕೂರಬೇಡಿ. ಸೋಮವಾರ ರಾತ್ರಿ ಹತ್ತರಿಂದ ಬುಧವಾರ ಸಂಜೆ ನಾಲ್ಕರವರೆಗೆ ಠಾಣೆಯ ಒಳಗಿನ ಮತ್ತು ಬಾಗಿಲಿನ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಬೇಕೆಂದು, ಅವನ ಫೋನಿನ ಟವರ್ ಮಾಹಿತಿಯನ್ನೂ ತರಿಸಬೇಕೆಂದು ಮ್ಯಾಜಿಸ್ಟ್ರೇಟರಿಗೆ ಈ ವಾರವೇ ಅರ್ಜಿ ಕೊಡಿಸಿ. ನಿಮ್ಮ ತಂಗಿ ಅಂದು ರಾತ್ರಿ ನಿಮಗೆ ಮಾಡಿದ ಕರೆಯ ಸಮಯ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ, ಅದರ ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕೊಡಿ. ಬುಧವಾರದ ಆ ಪತ್ರಿಕೆಯನ್ನೂ ಎತ್ತಿಡಿ. ಬೆಳಗಾಗುವ ಮೊದಲೇ ಅಚ್ಚಾಗಿದ್ದ ಆ ಪುಟದಲ್ಲಿ ‘ಯುವಕ ಪೊಲೀಸ್ ವಶಕ್ಕೆ’ ಎಂದಿದೆ. ಮೆಮೊ ಹೇಳುವ ಆರು ಗಂಟೆ ಆಗ ಇನ್ನೂ ಆಗಿರಲಿಲ್ಲ.